ಖಾಲಿ ಜಾಗಕ್ಕೊಂದು ಮುಖ

ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ತಪ್ಪಾಯಿತು ಎಂದು ಬಸ್ಸು ಎಂಆರ್‌ಎಸ್ ಸರ್ಕಲ್ ದಾಟುವಷ್ಟರಲ್ಲೇ ಮಲ್ಲೇಶನಿಗೆ ಅನ್ನಿಸಿಬಿಟ್ಟಿತು. ಹೊರಗೆ ಎತ್ತ ನೋಡಿದರೂ ಅವನೇ. ಕರೆಂಟು ಕಂಬಕ್ಕೆ ಕಟ್ಟಿದ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸಿನಲ್ಲಿ, ಕೆಳಗಿನ ಸಾಲಿನ ತುದಿಯ ವೃತ್ತದೊಳಗೆ, ನೀಲಿ ಅಂಗಿ ತೊಟ್ಟು, ಪಾಸ್‌ಪೋರ್ಟ್ ಫೋಟೋದ ಗಂಭೀರ ಮುಖ ಹೊತ್ತು, ಅಡಿಯಲ್ಲಿ 'ಮಲ್ಲೇಶ್, ಶಿವಮೊಗ್ಗ' ಎಂದು ಬರೆಸಿಕೊಂಡು ಅವನೇ ಕೂತಿದ್ದ. ಮಲವಗೊಪ್ಪದ ಹತ್ತಿರ ಯಾರೋ ಯುವ ಮುಖಂಡರ ಹುಟ್ಟುಹಬ್ಬ. ಶುಭ ಕೋರುವವರ ಸಾಲಿನಲ್ಲಿ ಅವನಿದ್ದ. ರಸ್ತೆಯ ಆಚೆ ಬದಿಯಲ್ಲಿ ಆ ಮುಖಂಡರ ಮುಖ ಕಂಡರಾಗದ ಇನ್ನೊಬ್ಬ ಮುಖಂಡರ ಹುಟ್ಟುಹಬ್ಬ. ಅಲ್ಲೂ ಅವನೇ, ಅದೇ ನೀಲಿ ಅಂಗಿಯಲ್ಲಿ, ಅಷ್ಟೇ ಪ್ರೀತಿಯಿಂದ ಶುಭ ಕೋರುತ್ತಿದ್ದ. ನಿದಿಗೆಯಲ್ಲಿ ಸಕ್ರೆಬೈಲು ಆನೆ ಬಿಡಾರದ ಒಂದು ಮರಿಯ ಹುಟ್ಟುಹಬ್ಬಕ್ಕೆ ಅದರ ಅಭಿಮಾನಿಗಳು ಹಾಕಿಸಿದ ಬ್ಯಾನರು ಬಿಸಿಲಿಗೆ ಬಣ್ಣಗೆಟ್ಟು ನೇತಾಡುತ್ತಿತ್ತು. ಆನೆಯೂ ಅವನೂ ಮಾತ್ರ ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದರು. ಬೇರೆ ದಿನವಾಗಿದ್ದರೆ ಸ್ಕೂಟರು ನಿಧಾನ ಮಾಡಿ, ಯಾರಿಗೂ ಗೊತ್ತಾಗದಂತೆ ಒಂದು ಸಲ ನೋಡಿ, ಒಳಗೊಳಗೇ ಹಿಗ್ಗಿ ಮುಂದೆ ಹೋಗುತ್ತಿದ್ದ. ಇವತ್ತು ಒಂದೊಂದು ಮುಖವೂ ಎಲ್ಲಿಗೆ ಹೊರಟೆ ಮಾರಾಯ ಎಂದು ಕೇಳುತ್ತಿರುವಂತಿತ್ತು. ಅವನು ಪರದೆ ಎಳೆಯಲು ನೋಡಿದ. ಬಸ್ಸಿಗೆ ಪರದೆ ಇರಲಿಲ್ಲ.

ಬೆಳಿಗ್ಗೆ ವಿನೋಬನಗರದ ಅಂಗಡಿಯ ಬಾಗಿಲೆತ್ತಿ, ಒಂದು ಗೃಹಪ್ರವೇಶದ ಕಾರ್ಡಿನಲ್ಲಿ ಗಣಪತಿಯನ್ನು ಎಡಕ್ಕಿಡುವುದೋ ಮಧ್ಯಕ್ಕಿಡುವುದೋ ಎಂದು ಮೌಸು ಹಿಡಿದು ಅತ್ತಿತ್ತ ಎಳೆದಾಡುತ್ತಿದ್ದಾಗ ಫೋನು ಬಂದಿತ್ತು. ಹೆಂಗಸಿನ ದನಿ. "ಮಲ್ಲೇಶ್, ಶಿವಮೊಗ್ಗ ಅಂದ್ರೆ ನೀವೇನಾ?" ಎಂದಿತು. ಹಾಗೆ ಅಲ್ಪವಿರಾಮ ಸಮೇತ ಅವನನ್ನು ಇದುವರೆಗೆ ಯಾರೂ ಕರೆದಿರಲಿಲ್ಲ. ಹೌದು ಎಂದ. "ನಾನು ಭದ್ರಾವತಿ ಜನ್ನಾಪುರದಿಂದ ಮಾತಾಡೋದು, ಜಗದಾಂಬಾ ಅಂತ. ಹಾಲಸ್ವಾಮಿಯವರ ಮನೆಯೋರು. ಇವತ್ತು ಅವರ ವರ್ಷದ ಕಾರ್ಯ ಇಟ್ಕೊಂಡಿದೀವಿ. ಮಧ್ಯಾಹ್ನ ಊಟಕ್ಕೆ ನೀವು ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ನಾನೇ ನಿಮ್ಮ ಅಂಗಡಿಗೆ ಬರ್ತೀನಿ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಳ್ಳಿ." ಫೋನು ಕಟ್ಟಾಯಿತು. ಯಾವ ಹಾಲಸ್ವಾಮಿ? ಅವನು ಕಂಪ್ಯೂಟರಿನಲ್ಲಿ ಹುಡುಕಿದ. 'ಹಾಲಸ್ವಾಮಿ ಫೈನಲ್ ಫೈನಲ್ ಹೊಸದು' ಎಂಬ ಫೈಲು ಸಿಕ್ಕಿತು. ತೆರೆದರೆ, ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಫೋಟೋದವನಿಗೆ ಹೆದರಿ ನಿಂತ ಒಬ್ಬ ಮನುಷ್ಯ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ದುಃಖತಪ್ತ ಗೆಳೆಯರು' ಎಂದು ಐದು ವೃತ್ತಗಳು. ನಾಲ್ಕರಲ್ಲಿ ಯಾರೋ ಭದ್ರಾವತಿಯ ನಾಲ್ವರು. ಐದನೆಯದರಲ್ಲಿ ನೀಲಿ ಅಂಗಿ. ಅಭ್ಯಾಸಬಲದಿಂದ ಸತ್ತವರ ಮುಖವನ್ನೂ ತುಸು ಬೆಳ್ಳಗೆ ಮಾಡಿದ್ದ. ಹುಟ್ಟುಹಬ್ಬಕ್ಕೆ ಕರೆಯದೆ ಹೋಗುವುದು ಬೇರೆ, ಯಾರದೋ ಸಾವಿಗೆ ಗೆಳೆಯನ ವೇಷ ಹಾಕಿ ಹೋಗಿ ನಿಲ್ಲುವುದು ಬೇರೆ. ಥೂ, ಎಂಥ ನಾಚಿಕೆಗೆಟ್ಟ ಮುಖ ಇದು ಎಂದುಕೊಂಡ.

ಹಾಗೆ ನೋಡಿದರೆ ಅವನೇನೂ ಹುಟ್ಟುತ್ತಲೇ ಖಾಲಿ ಜಾಗ ತುಂಬುವವನಾಗಿರಲಿಲ್ಲ. ಚಿತ್ರಕಲಾ ಶಾಲೆಯಲ್ಲಿದ್ದಾಗ ಖಾಲಿ ಜಾಗ ಎಂದರೆ ಅವನಿಗೆ ಪ್ರಾಣ. ಊರಿಗೆ ಬಂದು ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಚಿನ್ನದ ವ್ಯಾಪಾರಿ ದೊಡ್ಡ ಹೋರ್ಡಿಂಗಿನ ಕೆಲಸ ಕೊಟ್ಟಿದ್ದರು. ವಾರವಿಡೀ ಒದ್ದಾಡಿ ಇಡೀ ಹೋರ್ಡಿಂಗಿಗೆ ಒಂದೇ ಕುಂಕುಮದ ಬಣ್ಣ ಬಳಿದು, ಮೂಲೆಯಲ್ಲಿ ಒಂದೇ ಒಂದು ಮೂಗುತಿ ಇಟ್ಟು, ತೋರಿಸಿದ. ವ್ಯಾಪಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಉಳಿದ ಜಾಗಕ್ಕೂ ನಾನೇ ಅಲ್ವೇನ್ರೀ ಬಾಡಿಗೆ ಕಟ್ಟೋದು?" ಎಂದರು. ಅಲ್ಲಿದ್ದ ಸೇಲ್ಸ್ ಹುಡುಗಿಯರೆಲ್ಲ ಕಿಸಕ್ಕೆಂದರು. ಆ ನಗು ಇವತ್ತಿಗೂ ಅವನ ಬೆನ್ನ ಮೇಲೆ ಎಲ್ಲೋ ಅಂಟಿಕೊಂಡಿದೆ, ಸ್ನಾನ ಮಾಡುವಾಗ ಒಮ್ಮೊಮ್ಮೆ ಕೈಗೆ ಸಿಗುತ್ತದೆ. ಅಂದೇ ಸಂಜೆ ಬಳೆ, ಡಾಬು, ಲಕ್ಷ್ಮಿ, ನವಿಲು, ಆನೆ, ಮಾಲೀಕರ ತಂದೆಯವರ ಫೋಟೋ ಎಲ್ಲವನ್ನೂ ತುಂಬಿ ಕೊಟ್ಟ. ಬಹಳ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು. ಮುಂದೆ ಅವನ ಕಣ್ಣಿಗೆ ಎಲ್ಲಿ ಖಾಲಿ ಕಂಡರೂ ತಡೆಯಲಾಗದ ಹಾಗಾಯಿತು. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಖಾಲಿ ಬದಿಗೆ ಉಪ್ಪಿನಕಾಯಿ ಸರಿಸಿಕೊಳ್ಳುತ್ತಿದ್ದ. "ಅದೇನು ಅನ್ನಕ್ಕೂ ಡಿಸೈನ್ ಮಾಡ್ತೀರಾ?" ಎಂದು ಹೆಂಡತಿ ಶೀತಲ್ ಗದರುತ್ತಿದ್ದಳು.

ಅವನ ಮುಖದ ಕತೆ ಶುರುವಾದದ್ದೂ ಹಾಗೆಯೇ. ಯಾವುದೋ ಸಂಘದ ಬ್ಯಾನರು, ಕೆಳಗೆ ಮುಖಗಳ ಸಾಲು, ಅದರಲ್ಲಿ ಒಬ್ಬನ ಫೋಟೋ ವಾಟ್ಸಾಪಿನಲ್ಲಿ ಬರಲೇ ಇಲ್ಲ. ಹೊಸಮನೆಯಲ್ಲಿ ಫ್ಲೆಕ್ಸ್ ಮಷೀನು ಇಟ್ಟಿರುವ ಖಾಜಾ ಪೀರ್ ಫೋನಿನ ಮೇಲೆ ಫೋನು. "ಅರೆ ಮಲ್ಲೇಶಣ್ಣ, ಮಷೀನ್ ಖಾಲಿ ಓಡ್ತಿದೆ, ಫೈಲ್ ಕಳ್ಸು ಮಾರಾಯ!" ಒಂದು ವೃತ್ತ ಖಾಲಿ ಬಿಟ್ಟರೆ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಕೈಗೆ ಸಿಕ್ಕಿದ್ದು ಬ್ಯಾಂಕ್ ಖಾತೆಗೆಂದು ತೆಗೆಸಿಕೊಂಡ ಅವನದೇ ಫೋಟೋ. ಹಾಕಿ ಕಳಿಸಿದ. ಬೈಗುಳ ಬರುತ್ತದೆಂದು ಒಂದು ವಾರ ಹೆದರಿ ಕೂತ. ಬರಲಿಲ್ಲ. ಈ ಗುಂಪಿನವರು ಅವನನ್ನು ಆ ಗುಂಪಿನವನೆಂದುಕೊಂಡರು, ಆ ಗುಂಪಿನವರು ಈ ಗುಂಪಿನವನೆಂದುಕೊಂಡರು. ಎಷ್ಟು ವರ್ಷ ಎಷ್ಟು ಕೆಲಸ ಮಾಡಿದರೂ ಮೂಲೆಯಲ್ಲಿ ಪ್ರೆಸ್ಸಿನ ಹೆಸರು ಬರುತ್ತದೆಯೇ ಹೊರತು ಬರೆದವನ ಹೆಸರು ಬರುವುದಿಲ್ಲ. ಅವನ ಬಣ್ಣ, ಅವನ ಅಕ್ಷರ, ಅವನ ಬೆನ್ನುನೋವು ಎಲ್ಲ ಊರಿಗೆ ಸೇರಿದ್ದು. ಹೋಗಲಿ, ಮುಖವಾದರೂ ಇರಲಿ ಎಂದು ಎರಡನೇ ಸಲ ಬೇಕೆಂದೇ ಹಾಕಿದ. ಮೂರನೇ ಸಲ ಹೆಸರನ್ನೂ ಬರೆದ. ಇದು ತನಗಲ್ಲದೆ ಈ ಭೂಮಿಯ ಮೇಲೆ ಇನ್ನೊಬ್ಬನಿಗೆ ಗೊತ್ತಿಲ್ಲ ಎಂಬ ಗುಟ್ಟೇ ಅವನಿಗೆ ಪ್ರಶಸ್ತಿಯ ಹಾಗಿತ್ತು.

ಭದ್ರಾವತಿಯಲ್ಲಿ ಇಳಿದು ಆಟೋ ಹತ್ತಿದರೆ ಡ್ರೈವರು ಕನ್ನಡಿಯಲ್ಲಿ ಎರಡೆರಡು ಸಲ ನೋಡಿ, "ಸಾರ್, ನಿಮ್ಮನ್ನ ಎಲ್ಲೋ ನೋಡಿದೀನಿ. ಟೀವಿಲಿ ಬರ್ತೀರಾ?" ಎಂದ. ಇಲ್ಲ ಎಂದು ಮುಖ ತಿರುಗಿಸಿ ಕೂತ. ಹೊಡೆತ ಬೀಳಬಹುದೆ? ಸತ್ತ ಮನೆಯಲ್ಲಿ ಹೊಡೆಯುವುದಿಲ್ಲ, ಕೂರಿಸಿ ಕೇಳುತ್ತಾರೆ, ಅದು ಇನ್ನೂ ಕಷ್ಟ. ಕೇಳಿದರೆ ತಪ್ಪಾಯಿತು ಎಂದು ಕಾಲಿಗೆ ಬೀಳುವುದು, ಊಟ ಮಾಡದೆ ಬಂದುಬಿಡುವುದು ಎಂದು ತೀರ್ಮಾನ ಮಾಡಿಕೊಂಡ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಗೇಟಿಗೆ ಅದೇ ಬ್ಯಾನರು ಹೊಸದಾಗಿ ಮುದ್ರಣವಾಗಿ, ಇನ್ನೂ ಇಂಕಿನ ವಾಸನೆ ಹೊಡೆಯುತ್ತ ತೂಗುತ್ತಿತ್ತು. ಅದರಲ್ಲಿ ಅವನ ಮುಖದ ಮೇಲೆ ಬಿದ್ದ ಧೂಳನ್ನು ಯಾರೋ ಭಕ್ತಿಯಿಂದ ಒರೆಸಿದ ಗುರುತಿತ್ತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು, ಐವತ್ತೈದು ದಾಟಿರಬಹುದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ಬಂದಳು. ಬ್ಯಾನರು ನೋಡಿದಳು, ಅವನನ್ನು ನೋಡಿದಳು, ಅಚ್ಚು ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು.

"ಅಮ್ಮ, ನಂದು ತಪ್ಪಾಯ್ತು. ಆ ಫೋಟೋ ನಾನು..." ಎಂದು ಶುರುಮಾಡಿದ.

"ಮೆಲ್ಲಗೆ! ಈ ಕಡೆ ಬನ್ನಿ." ಜಗದಾಂಬಾ ಅವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು. "ನಂಗೆಲ್ಲ ಗೊತ್ತು. ಬ್ಯಾನರ್ ಮತ್ತೆ ಮಾಡ್ಸೋಕೆ ಖಾಜಾ ಪೀರ್ ಸಾಬ್ರ ಹತ್ರ ಹೋಗಿದ್ನಲ್ಲ, ಈ ಮಲ್ಲೇಶ್ ಅನ್ನೋರು ಯಾರು, ಊಟಕ್ಕೆ ಕರೀಬೇಕು ಅಂದೆ. ಅವರು ಕುರ್ಚಿ ಮೇಲಿಂದ ಬಿದ್ದು ನಕ್ರು. ನಮ್ಮ ಡಿಸೈನರ್ ಕಣಮ್ಮ, ಪಾಪ, ಖಾಲಿ ಇದ್ದ ಕಡೆ ಅವನ ಮುಖ ಹಾಕ್ತಾನೆ, ನಾವೆಲ್ಲ ನೋಡಿಯೂ ನೋಡ್ದಂಗೆ ಇರ್ತೀವಿ ಅಂದ್ರು."

ನಾವೆಲ್ಲ. ಪಾಪ. ಮಲ್ಲೇಶನಿಗೆ ಈ ಎರಡು ಶಬ್ದಗಳು ಟ್ಯಾಂಕಿನೊಳಗೆ ಬಿದ್ದು ತಿರುಗಿ ಕೇಳಿಸಿದವು. ಅಂದರೆ ಪ್ರೆಸ್ಸಿನಲ್ಲಿ ಫ್ಲೆಕ್ಸು ಸುತ್ತುವವರು, ಅದರ ಅಂಚಿಗೆ ಹಗ್ಗ ಕಟ್ಟುವ ರಿಂಗ್ ಹೊಡೆಯುವವರು, ಚಹಾ ತರುವವನು, ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅವನನ್ನು ಮಗುವಿನ ಹಾಗೆ ಆಡಲು ಬಿಟ್ಟಿದ್ದರು. ಹೊಡೆತ ಬಿದ್ದಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

"ಮತ್ತೆ ನನ್ನನ್ನ ಯಾಕಮ್ಮ ಕರೆಸಿದ್ರಿ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನದು ಲೇತ್ ವರ್ಕ್‌ಶಾಪು, ಗುರುವಾರ ರಜ. ಪ್ರತಿ ಗುರುವಾರ ಬೆಳಿಗ್ಗೆ ಹಾಲಸ್ವಾಮಿ ಇಸ್ತ್ರಿ ಅಂಗಿ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತುತ್ತಿದ್ದರು, ಸಂಜೆ ಬರುತ್ತಿದ್ದರು. ಎಲ್ಲಿಗೆ ಎಂದು ಹೇಳಲಿಲ್ಲ. "ನಾನೂ ಕೇಳ್ಲಿಲ್ಲ. ಕೇಳಿದ್ರೆ ಸುಳ್ಳು ಹೇಳ್ತಾರೆ, ಅವರಿಗೆ ಸುಳ್ಳು ಹೇಳೋಕೆ ಬರಲ್ಲ, ಯಾಕೆ ಸುಮ್ನೆ ಅಂತ. ಅವರು ಹೋದ್ಮೇಲೆ ನಮ್ಮ ಅತ್ತಿಗೆ ಶಿವಗಂಗಮ್ಮ ಶುರು ಮಾಡಿದ್ರು. ಅವರ ಸ್ವಂತ ಅಕ್ಕ, ನೋಡಿ. ಶಿವಮೊಗ್ಗದಲ್ಲಿ ಇನ್ನೊಂದು ಸಂಸಾರ ಇತ್ತು ಅಂತ ಬೀದಿಯೋರ ಹತ್ರೆಲ್ಲ ಅಂದ್ರು. ಆಗ ಈ ಬ್ಯಾನರ್‌ನಲ್ಲಿ ನಿಮ್ಮ ಮುಖ ನೋಡ್ದೆ. ಮಲ್ಲೇಶ್, ಶಿವಮೊಗ್ಗ. ಹೋದ ಜೀವ ಬಂದಂಗಾಯ್ತು. ನೋಡಿ, ಇವರೇ ಆ ಗೆಳೆಯ, ಗುರುವಾರ ಇವರ ಹತ್ರಾನೇ ಹೋಗ್ತಿದ್ದಿದ್ದು ಅಂತ ಎಲ್ಲರ ಮುಂದೆ ಎದೆ ತಟ್ಕೊಂಡು ಹೇಳ್ದೆ. ವರ್ಷದಿಂದ ಹೇಳ್ಕೊಂಡು ಬಂದಿದೀನಿ. ಈಗ ಅದು ಖಾಲಿ ಜಾಗ ಅಂತ ಹೆಂಗೆ ಹೇಳ್ಲಿ? ಮುಖ ಕಳಿಸಿದ ಮೇಲೆ ಆಳೂ ಬರಬೇಕಲ್ವಾ?"

ಮಲ್ಲೇಶ ಇಸ್ತ್ರಿ ಮಾಡಿದ ಅಂಗಿಯ ತುದಿ ಎಳೆದು ಸರಿಮಾಡಿಕೊಂಡ.

"ಜಾಸ್ತಿ ಏನೂ ಬೇಡ," ಎಂದಳು. "ಅತ್ತಿಗೆ ಕೇಳಿದ್ರೆ, ಹೌದು, ಬರ್ತಿದ್ರು, ಬಹಳ ಒಳ್ಳೆಯೋರು ಅನ್ನಿ. ಅಷ್ಟೇ. ಊಟ ಮಾಡಿ, ಹೊರಡಿ. ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ."

ಪಂಕ್ತಿಯಲ್ಲಿ ಅವನನ್ನು ಮೊದಲನೆಯವನಾಗಿ ಕೂರಿಸಿದರು. ಎದುರಿಗೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಿವಗಂಗಮ್ಮ, ವಿಭೂತಿ, ದಪ್ಪ ಕನ್ನಡಕ, ಮಂಡಿ ಮೇಲೆ ಎರಡೂ ಕೈ. ಹೋಳಿಗೆ ಬಂತು, ತುಪ್ಪ ಬಂತು, ಬೀದಿಯವರು ಬಂದು ಬಂದು ನೋಡಿಕೊಂಡು ಹೋದರು. ಬಡಿಸುವವನು ಕೂಡ ಬಕೆಟ್ಟು ಕೆಳಗಿಟ್ಟು, "ಅಣ್ಣಾ, ಫೋಟೋಗಿಂತ ಎದುರಿಗೆ ಸ್ವಲ್ಪ ಕಪ್ಪು" ಎಂದ. ಮಲ್ಲೇಶ ತಲೆ ತಗ್ಗಿಸಿ ಕೋಸಂಬರಿಯನ್ನು ಎಲೆಯ ಖಾಲಿ ಮೂಲೆಗೆ ಸರಿಸಿದ.

"ನನ್ನ ತಮ್ಮ ನಿನ್ನ ಹತ್ರ ಬರ್ತಿದ್ನಂತಲ್ಲಪ್ಪ," ಎಂದರು ಶಿವಗಂಗಮ್ಮ, ಇಡೀ ಪಂಕ್ತಿಗೆ ಕೇಳುವ ಹಾಗೆ.

"ಹೌದಮ್ಮ, ಬರ್ತಿದ್ರು. ಬಹಳ ಒಳ್ಳೆಯೋರು."

ಅಲ್ಲಿಗೆ ಮುಗಿಯಬೇಕಿತ್ತು. ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಜಗದಾಂಬಾ ಸಾಕು ಎಂದು ಕಣ್ಣಲ್ಲೇ ಹೇಳಿದಳು. ಆದರೆ ಆ ಮಾತಿನ ಆಚೆಗೆ ಎಷ್ಟೊಂದು ಜಾಗ ಖಾಲಿ ಬಿದ್ದಿತ್ತು! ಶಿವಗಂಗಮ್ಮ ಸುಮ್ಮನೆ ಕೂತಿದ್ದರು, ಪಂಕ್ತಿ ಸುಮ್ಮನೆ ಕೂತಿತ್ತು, ಮಲ್ಲೇಶನ ಕೈ ಬೆರಳುಗಳು ಮೌಸಿಗಾಗಿ ತಡಕಾಡಿದವು. "ಬಂದು ನನ್ನ ಪಕ್ಕ ಸ್ಟೂಲ್ ಮೇಲೆ ಕೂರ್ತಿದ್ರು," ಎಂದುಬಿಟ್ಟ. "ಚಪ್ಪಲಿ ಹೊರಗೇ ಬಿಡ್ತಿದ್ರು, ಬೇಡ ಅಂದ್ರೂ ಕೇಳ್ತಿರಲಿಲ್ಲ. ನಾನು ಮಾಡೋ ಕೆಲಸ ನೋಡ್ತಿದ್ರು. ನಮ್ಮೂರಲ್ಲಿ ಯಾರೂ ಹಾಗೆ ಕೂತು ನೋಡಲ್ಲಮ್ಮ. ಎಲ್ಲರೂ ಬೇಗ ಕೊಡಿ ಅಂತಾರೆ." ಹೇಳುತ್ತ ಹೇಳುತ್ತ ಅವನಿಗೇ ಆ ಸ್ಟೂಲು ಕಂಡಿತು, ಅದರ ಮೇಲೆ ಕತ್ತಿನ ಗುಂಡಿ ಹಾಕಿಕೊಂಡು ಮುದುರಿ ಕೂತ ಮನುಷ್ಯ ಕಂಡ. ಎಷ್ಟು ವರ್ಷದಿಂದ ಹಾಗೊಬ್ಬ ಬರಲಿ ಎಂದು ಕಾಯುತ್ತಿದ್ದೆ ಎಂಬುದು ಈಗ ಈ ಹೋಳಿಗೆಯ ಮುಂದೆ ಗೊತ್ತಾಯಿತು. ಸುಳ್ಳಿಗೆ ನಿಜವಾದ ಅಳು ಬರುತ್ತಿದೆಯಲ್ಲ ಎಂದು ಗಾಬರಿಯೂ ಆಯಿತು. ನಿಲ್ಲಿಸಲಾಗಲಿಲ್ಲ. "ತಪ್ಪಿದ್ರೆ ಹೇಳೋರು. ಮಲ್ಲೇಶ, ಇಲ್ಲಿ ಕೆಂಪು ಜಾಸ್ತಿ ಆಯ್ತು ನೋಡು, ಕಣ್ಣಿಗೆ ಹೊಡೀತದೆ ಅನ್ನೋರು."

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಶಿವಗಂಗಮ್ಮ ಕನ್ನಡಕ ಸರಿಮಾಡಿಕೊಂಡರು.

"ಕೆಂಪು ಜಾಸ್ತಿ ಆಯ್ತು ಅಂದ್ನಾ?"

"ಹೌದಮ್ಮ."

"ಅವನಿಗೆ ಹುಟ್ಟಿದಾಗಿಂದ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ ಕಣಪ್ಪ."

ಜಗದಾಂಬಾಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಕ್ಕೆ ಜಾರಿತು. ಇದನ್ನು ಹೇಳಲು ಆಕೆ ಮರೆತಿದ್ದಳು. ಮರೆತದ್ದೂ ಅಲ್ಲ, ಹೌದು-ಬರ್ತಿದ್ರು-ಒಳ್ಳೆಯೋರು ಎನ್ನುವವನಿಗೆ ಬಣ್ಣದ ಸಂಗತಿ ಯಾಕೆ? ಮಲ್ಲೇಶ ಆಕೆಯ ಮುಖ ನೋಡಿದ. ವರ್ಷವಿಡೀ ಬೀದಿಯ ಮುಂದೆ ಎತ್ತಿ ಹಿಡಿದಿದ್ದ ಆ ಮುಖ ಬಿಳುಚಿಕೊಂಡು, ಎಲ್ಲರೆದುರು ಕೆಳಗೆ ಬೀಳಲು ತಯಾರಾಗಿತ್ತು. ಬೀಳಿಸಿದವನು ತಾನು. ಹೌದು ಎಂದು ಸುಮ್ಮನಿರಲಾಗದ ಈ ದರಿದ್ರ ಬಾಯಿ, ಎಲ್ಲೆಂದರಲ್ಲಿ ಹೋಗಿ ಅಂಟಿಕೊಳ್ಳುವ ಈ ಮುಖ. ಅಯ್ಯೋ ಶಿವನೇ, ಈ ಒಂದು ಸಲ ಎಂದುಕೊಂಡ. ಸಾರಿನ ಕೆಂಪು, ಬಾಳೆ ಎಲೆಯ ಹಸಿರು ಒಂದರೊಳಗೊಂದು ಕಲಸಿಹೋಗಿ ಕಣ್ಣ ಮುಂದೆ ಮಣ್ಣಿನ ಬಣ್ಣವಾದವು.

"ಅದಕ್ಕೇ ಅಲ್ವೇನಮ್ಮ ಅವರು ಬರ್ತಿದ್ದಿದ್ದು," ಎಂದ. ದನಿ ತನ್ನದೇ ಎಂದು ಅವನಿಗೆ ಅನ್ನಿಸಲಿಲ್ಲ. "ಮೊದಲು ಸುಮ್ನೆ ಬಣ್ಣದ ಬಗ್ಗೆ ಮಾತಾಡೋರು, ಗೊತ್ತಿದ್ದೋರ ಹಾಗೆ. ನಂಗೂ ಗೊತ್ತಾಗ್ಲಿಲ್ಲ. ಆಮೇಲೆ ಒಂದಿನ ಬಾಗಿಲು ಮುಂದೆ ಮಾಡಿ ಕೇಳಿದ್ರು. ಮಲ್ಲೇಶ, ಇದು ಯಾವ ಬಣ್ಣ? ಇದು? ಅಂತ. ನಾನು ಒಂದೊಂದೇ ಹಾಕಿ ತೋರಿಸ್ತಿದ್ದೆ, ಅವರು ಎಲ್ಲಿ ತಪ್ಪುತ್ತೆ ಅಂತ ಬಾಯಿಪಾಠ ಮಾಡೋರು. ಊರಲ್ಲಿ ಕೇಳಿದ್ರೆ ನಗ್ತಾರೆ ಮಾರಾಯ, ಚಿಕ್ಕಂದಿನಿಂದ ನಕ್ಕಿದಾರೆ, ನಿನ್ನ ಕೆಲಸಾನೇ ಬಣ್ಣದ್ದು, ನೀನು ನಗಲ್ಲ ಅನ್ನೋರು. ಅದಕ್ಕೇ ಎಲ್ಲಿಗೆ ಹೋಗ್ತೀನಿ ಅಂತ ಮನೇಲೂ ಹೇಳಿರಲಿಲ್ಲ."

ಶಿವಗಂಗಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಣ್ಣು ಮೆಣಸಿನಕಾಯಿ ಬಿಡಿಸ್ಕೊಂಡು ಬಾ ಅಂದ್ರೆ ಕಾಯಿ ಹಣ್ಣು ಎಲ್ಲಾ ಸೇರಿಸಿ ತರ್ತಿದ್ದ," ಎಂದರು. "ಬೇಕಂತ್ಲೇ ಅವನ್ನೇ ಕಳಿಸ್ತಿದ್ದೆ. ಓಣಿ ಮಕ್ಕಳನ್ನೆಲ್ಲ ಕರೆದು ತೋರಿಸಿ ನಗಿಸ್ತಿದ್ದೆ. ನಾನೇ ಕಣಪ್ಪ, ನಾನೇ." ಅಷ್ಟು ಹೇಳಿ ಆ ಗಟ್ಟಿ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ಪಂಕ್ತಿಯವರು ಊಟ ಬಿಟ್ಟು ನೋಡಿದರು. ಯಾರೋ ನೀರು ತಂದರು. "ಇನ್ನೊಂದು ಹೋಳಿಗೆ ಹಾಕ್ರೋ ಅವನಿಗೆ," ಎಂದು ಶಿವಗಂಗಮ್ಮ ಅಳುತ್ತಲೇ ಅಪ್ಪಣೆ ಕೊಟ್ಟರು. ಮಲ್ಲೇಶ ಆ ಹೋಳಿಗೆಯನ್ನೂ ತಿಂದ. ಅದರ ಮೇಲೆ ಬಿದ್ದ ಇನ್ನೊಂದನ್ನೂ ತಿಂದ. ಗೆದ್ದೆನೋ ಕದ್ದೆನೋ ಗೊತ್ತಾಗದೆ ಹೊಟ್ಟೆ ಭಾರವಾಯಿತು.

ಹೊರಡುವಾಗ ಜಗದಾಂಬಾ ಗೇಟಿನವರೆಗೆ ಬಂದಳು. ಅವನ ಹೆಂಡತಿಗೆಂದು ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ಕಟ್ಟಿದ್ದಳು. ಬೈಯುತ್ತಾಳೆ ಎಂದು ಅವನು ಕಾದ. ಇಷ್ಟೇ ಹೇಳಿ ಎಂದರೆ ಅಷ್ಟೊಂದು ಹೇಳಿಬಿಟ್ಟಿರಲ್ಲ ಎಂದು ಆಕೆ ಬೈದಿದ್ದರೆ, ಖಾಲಿ ಕಂಡರೆ ನನಗೆ ಆಗುವುದಿಲ್ಲಮ್ಮ ಎಂದು ನಕ್ಕು ಹೊರಟುಬಿಡಬಹುದಿತ್ತು. ಆಕೆ ಬೈಯಲಿಲ್ಲ. ಡಬ್ಬಿ ಕೊಟ್ಟಳು, ಆದರೆ ಕೈ ಬಿಡಲಿಲ್ಲ. ಇಬ್ಬರೂ ಒಂದೊಂದು ಬದಿ ಹಿಡಿದು ನಿಂತರು. ಶಾಮಿಯಾನದವರು ಕುರ್ಚಿ ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು.

"ಮಲ್ಲೇಶಪ್ಪ," ಎಂದಳು. ದನಿ ಸಣ್ಣದಾಗಿತ್ತು. "ಅವರು ನಿಮ್ಮ ಹತ್ರ... ನನ್ನ ಧಾರೆ ಸೀರೆ ಯಾವ ಬಣ್ಣ ಅಂತ ಏನಾದ್ರೂ ಕೇಳಿದ್ರಾ?"

ಅವನು ಆಕೆಯ ಮುಖ ನೋಡಿದ. ತಮಾಷೆ ಇರಲಿಲ್ಲ. ಅಮ್ಮ, ನಾನು ಅವರನ್ನು ನೋಡಿಯೇ ಇಲ್ಲ, ನಿಮಗೇ ಗೊತ್ತಲ್ಲ ಎನ್ನಬೇಕು ಎಂದು ಬಾಯಿ ತೆರೆದ. ಕಾಯುತ್ತಿದ್ದ ಆ ಕಣ್ಣುಗಳ ಮುಂದೆ ಅದು ಹೊರಡಲಿಲ್ಲ.

"ಕೇಳಿದ್ರಮ್ಮ. ಫೋಟೋ ತಂದಿದ್ರು."

"ನೀವೇನಂದ್ರಿ?"

"ಕೆಂಪು ಅಂದೆ."

ಜಗದಾಂಬಾ ಡಬ್ಬಿ ಬಿಟ್ಟಳು. "ಕೆಂಪೇ," ಎಂದಳು. "ಮದುವೆ ದಿನದಿಂದ ಅದನ್ನ ಮಣ್ಣಿನ ಬಣ್ಣ ಅಂತಿದ್ರು. ಎಷ್ಟು ಜಗಳ ಆಡಿದೀನಿ ಅವರ ಹತ್ರ." ಸೆರಗಿನಿಂದ ಕಣ್ಣು ಒರೆಸಿಕೊಂಡು, ಗೇಟು ಮುಂದೆ ಮಾಡಿಕೊಳ್ಳುತ್ತ, ಹೇಳಿದಳು: "ಹೋಗ್ಲಿ ಬಿಡಿ, ತಿಳ್ಕೊಂಡು ಹೋದ್ರಲ್ಲ."